ಸೌತೆಕಾಯಿಗೆ ಚುಚ್ಚಿದ ಬಾವುಟ

ಅತ್ತಿಗೆ, ನಮಸ್ಕಾರ.

ನಾನು ಸೇರಿದ ಹೋಟೆಲಿನಲ್ಲಿ ‘ದೇಶದೇಶದ ಸಲಾಡ್’ ಅಂತ ಎಂಟು ಬಟ್ಟಲು ಜೋಡಿಸಿ, ಒಂದೊಂದಕ್ಕೂ ಪುಟ್ಟ ಬಾವುಟ ಚುಚ್ಚುತ್ತಾರೆ. ಎಂಟನ್ನೂ ಮಾಡುವವಳು ನಾನೊಬ್ಬಳೇ. ಬಾವುಟ ವಾರಕ್ಕೊಮ್ಮೆ ಬದಲಾಗುತ್ತದೆ, ಬಟ್ಟಲಲ್ಲಿರುವುದು ಅದೇ. ಸೌತೆಕಾಯಿಗೆ ನಿಂಬೆರಸ, ಹುರಿದ ಎಳ್ಳು, ಹಸಿಮೆಣಸು ಬೆರೆಸಿಟ್ಟರೆ, ತರಕಾರಿ ಕಂಡು ಮುಖ ಸಿಂಡರಿಸುವ ಮಕ್ಕಳೂ ಬಳಿದು ತಿನ್ನುತ್ತವೆ. ನಿನ್ನೆ ಅದನ್ನು ತಿಂದ ಮ್ಯಾನೇಜರ್ ಬಾವುಟ ನೋಡಿ, ನನ್ನೆದುರಿಗೇ, “ಆ ದೇಶದವರ ಕೈರುಚಿ ನಮಗೆಲ್ಲಿ ಬರಬೇಕು!” ಅಂದರು. ನನಗೇನೂ ಹೊಸದಲ್ಲ. ನನ್ನ ಅಡುಗೆಯನ್ನು ಹತ್ತು ವರ್ಷ ನಿಮ್ಮದೆಂದು ನೆಂಟರಿಗೆ ಬಡಿಸಿದಿರಲ್ಲ, ಬಾವುಟವೊಂದು ಇರಲಿಲ್ಲ, ಅಷ್ಟೆ.

ನಿಂಬೆಹುಳಿಗೆ ಬೆರಳು ಒಡೆದಿವೆ, ಮಿಕ್ಕಂತೆ ಆರೋಗ್ಯವಾಗಿದ್ದೇನೆ. ಅಣ್ಣ ಕಾಗದ ಬರೆದಿದ್ದಾನೆ, ಈಚೆಗೆ ಮನೆಯೂಟ ಯಾಕೋ ಸಪ್ಪೆಯಂತೆ. ಯಾಕೆಂದು ಅವನಿಗೆ ನೀವೇ ಹೇಳಿಬಿಡಿ, ನನ್ನ ಅಂಚೆಕಾರ್ಡಿನಲ್ಲಿ ಜಾಗವಿಲ್ಲ.

ನಿಮ್ಮ ನಾದಿನಿ