ದ್ವಾದಶಿಯ ಪಂಕ್ತಿಯಲ್ಲಿ ಉಂಡ ಪ್ರಧಾನಿ

ಸನ್ಮಿತ್ರರಾದ ವಾಸುದೇವ ಭಟ್ಟರಿಗೆ, ಮಲೇಷ್ಯಾದ ನಿಲಾಯ್‌ನಿಂದ ಸೇತುಮಾಧವ ರಾಯನ ನಮಸ್ಕಾರಗಳು.

ನೀವಿರುವ ಲೋಕದಲ್ಲಿ ಕ್ಷೇಮವನ್ನು ವಿಚಾರಿಸುವುದು ಅಧಿಕಪ್ರಸಂಗವಾದೀತು. ಆದುದರಿಂದ ಆ ವಾಕ್ಯವನ್ನು ಬಿಟ್ಟು ನೇರವಾಗಿ ವಿಷಯಕ್ಕೆ ಬರುತ್ತೇನೆ. ನೀವು ತೀರಿಕೊಂಡ ಮೇಲೆ ನನಗೆ ನಿಮ್ಮಲ್ಲಿ ಅಸೂಯೆ ಹುಟ್ಟಿದೆ. ಬದುಕಿದ್ದಾಗಲೇ ಹುಟ್ಟಿದ್ದರೆ ಎದುರು ಕುಳಿತು ಜಗಳವಾಡಿ ತೀರಿಸಿಕೊಳ್ಳಬಹುದಾಗಿತ್ತು. ಈಗ ಎಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ, ತ್ರಿಕಾಲ ಸಂಧ್ಯಾವಂದನೆಯನ್ನು ಬಿಡದೆ, ಮಾತ್ಸರ್ಯವೂ ಷಡ್ವೈರಿಗಳಲ್ಲೊಂದೆಂದು ಕೌಲಾಲಂಪುರದ ಸತ್ಸಂಗಗಳಲ್ಲೆಲ್ಲ ಉಪನ್ಯಾಸ ಮಾಡಿದವನು, ಸತ್ತ ಗೆಳೆಯನ ಮೇಲೆ ಹೊಟ್ಟೆಕಿಚ್ಚುಪಡುತ್ತಿದ್ದೇನೆಂದು ಯಾರಲ್ಲಿ ಹೇಳಲಿ? ನಿಮ್ಮಲ್ಲಲ್ಲದೆ?

ಕಳೆದ ಶ್ರಾವಣದ ಒಂದು ಬೆಳಿಗ್ಗೆ ಪೂಜೆ ಮುಗಿಸಿ ತೀರ್ಥ ತೆಗೆದುಕೊಳ್ಳುತ್ತಿದ್ದೆ. ಮಗಳು ಸುಧಾ ಮೊಬೈಲನ್ನು ನನ್ನ ಮುಖದೆದುರು ಹಿಡಿದಳು. "ಅಪ್ಪಾ, ಇವ್ರು ನಿಮ್ಮ ಸ್ಟೂಡೆಂಟ್ ಅಲ್ವಾ? ಪ್ರೈಮ್ ಮಿನಿಸ್ಟರ್ ಆಗ್ಬಿಟ್ಟಿದಾರೆ ನೋಡಿ" ಎಂದಳು. ನಮ್ಮ ಲೋಸಾ, ಭಟ್ಟರೇ. ಶಾಂತಸಾಗರದ ನಡುವಿನ ಆ ಪುಟ್ಟ ದ್ವೀಪರಾಷ್ಟ್ರದಿಂದ ಇಲ್ಲಿನ ವಿಶ್ವವಿದ್ಯಾಲಯಕ್ಕೆ ಓದಲು ಬಂದಿದ್ದ ಎತ್ತರದ ಹುಡುಗಿ. ಅವಳ ದೇಶದಲ್ಲಿ ಚುನಾವಣೆಯಾದ ಬಳಿಕ ಸದಸ್ಯರೆಲ್ಲರೂ ಒಂದು ಸಭಾಂಗಣದಲ್ಲಿ ಕಲೆತು, ಗುಪ್ತಮತದಿಂದ ತಮ್ಮಲ್ಲೊಬ್ಬರನ್ನು ಪ್ರಧಾನಿಯಾಗಿ ಆರಿಸುತ್ತಾರೆ. ಈ ಸಲ ಅವಳನ್ನು ಆರಿಸಿದ್ದರು. ಕೊರಳ ತುಂಬ ಹೂವಿನ ಹಾರ, ಕೈಯಲ್ಲಿ ಅವಳ ಧರ್ಮಗ್ರಂಥ.

ಪ್ರಮಾಣವಚನದ ನಂತರ ಅವಳು ಮಾತನಾಡಿದಳು. ತಾನು ಯಾರಿಂದ ಏನು ಕಲಿತೆನೆಂದು ಹೇಳುವ ಘಟ್ಟ ಬಂದಾಗ ನಾನು ಬೆನ್ನು ನೆಟ್ಟಗೆ ಮಾಡಿ ಕುಳಿತೆ. ಕುಳಿತುಕೊಳ್ಳದೆ ಇರುವುದು ಹೇಗೆ? ಆ ಹುಡುಗಿಗೆ ಒಂದು ವರ್ಷವಿಡೀ ರಾಜ್ಯಾಡಳಿತ ಶಾಸ್ತ್ರವನ್ನು ಬೋಧಿಸಿದವನು ನಾನು. ಪ್ರಧಾನಿಯ ಪದವಿಯೊಂದಕ್ಕೇ ಮೂರು ವಾರ ತೆಗೆದುಕೊಂಡಿದ್ದೆ: ನೇಮಕ, ಅಧಿಕಾರ, ಸಂಪುಟದೊಡನೆ ಸಂಬಂಧ, ಅವಿಶ್ವಾಸ, ವಿಸರ್ಜನೆ. ನೀವೋ ವೈದ್ಯ ಕಾಲೇಜಿನಲ್ಲಿ ಮೂಳೆಗಳ ಹೆಸರು ಹೇಳಿಕೊಡುತ್ತಿದ್ದವರು. ನಿಮ್ಮ ತರಗತಿಯ ಮೆಟ್ಟಿಲನ್ನೂ ಅವಳು ಹತ್ತಿದವಳಲ್ಲ. ಆದರೆ ಅವಳು ಹೇಳಿದ್ದು ಇಷ್ಟು: "ದೇಶ ನಡೆಸುವುದನ್ನು ನಾನು ಮಲೇಷ್ಯಾದ ನಿಲಾಯ್‌ನಲ್ಲಿ, ಒಂದು ಮನೆಯ ನೆಲದ ಮೇಲೆ ಕುಳಿತು ಉಣ್ಣುತ್ತ ಕಲಿತೆ." ನೆಲದ ಮೇಲೆ, ಭಟ್ಟರೇ. ನನ್ನ ತರಗತಿಯಲ್ಲಿ ಕುರ್ಚಿಗಳಿದ್ದವು.

ಅವಳು ಅತ್ತುಕೊಂಡು ನನ್ನ ಕೊಠಡಿಗೆ ಬಂದ ದಿನ ನಿಮಗೆ ತಿಳಿಯದು. ಹಾಸ್ಟೆಲಿನ ಊಟ ಸೇರದೆ, ತಮಿಳು ಮುಸಲ್ಮಾನರ ಮಮಕ್ ಅಂಗಡಿಯ ರೊಟ್ಟಿಯಲ್ಲೇ ಮೂರು ತಿಂಗಳು ಕಳೆದಿದ್ದಳು. ಯಾರದಾದರೂ ಮನೆಯಲ್ಲಿ, ಮನೆಯವರ ಜೊತೆ ಕುಳಿತು, ಒಂದು ಹೊತ್ತು ಉಣ್ಣಬೇಕೆನಿಸುತ್ತಿದೆ ಸರ್ ಎಂದಳು. ನಮ್ಮ ಮನೆಯಲ್ಲಿ ಮಡಿ ಹೆಚ್ಚು, ಹೆಂಡತಿ ಒಪ್ಪಳು ಎಂದೆ. ಹೆಂಡತಿಯನ್ನು ನಾನು ಕೇಳಿಯೇ ಇರಲಿಲ್ಲ. ಅವಳು ತೀರಿಹೋಗಿ ಎಷ್ಟೋ ವರ್ಷಗಳಾದ ಮೇಲೆ ಇಂದು ಒಪ್ಪಿಕೊಳ್ಳುತ್ತೇನೆ, ಆ ಮಡಿ ನನ್ನದು. ಅಲ್ಲಿಂದಲೇ ನಿಮಗೆ ಫೋನು ಮಾಡಿದೆ. "ಕಳಿಸಿ ರಾಯರೇ. ನಾಡಿದ್ದು ದ್ವಾದಶಿ, ಬೆಳಿಗ್ಗೆ ಪಾರಣೆಗೆ ಬರ್ಲಿ" ಎಂದಿರಿ. ಪಂಕ್ತಿಯಲ್ಲಿಯೇ ಕೂರಿಸುವಿರಾ ಎಂದು ಕೇಳಿದೆ. "ಮತ್ತೆಲ್ಲಿ, ಫ್ಯಾನಿಗೆ ನೇತು ಹಾಕುದಾ? ಮಡಿ ಬಟ್ಟೆಗೆ ಮಾರಾಯ್ರೆ, ಹಸಿವೆಗೆ ಎಂತ ಮಡಿ?" ಎಂದು ನಕ್ಕಿರಿ. ನಾನೂ ನಕ್ಕೆ. ಒಂದು ಉಪದ್ರವ ನಿಮ್ಮ ಮನೆಗೆ ದಾಟಿತೆಂದು ನಕ್ಕದ್ದು.

ನಿಮ್ಮ ಹಜಾರದಲ್ಲಿ ಅಂದು ನಾನು ಅಡುಗೆಮನೆಯ ಬಾಗಿಲ ಬಳಿ, ಅವಳು ಬೀದಿಬಾಗಿಲ ಬಳಿ, ಆ ದೂರವೇ ನನಗೊಂದು ಸಮಾಧಾನ. ನಿಮ್ಮ ಮನೆಯಾಕೆ ಶಾರದಮ್ಮ ಅಗಸೆಸೊಪ್ಪಿನ ಪಲ್ಯ ಬಡಿಸಿದರು, ನೆಲ್ಲಿಕಾಯಿಯ ತಂಬುಳಿ ಬಡಿಸಿದರು. ಹಿಂದಿನ ದಿನವೆಲ್ಲ ಏಕಾದಶಿಯ ಉಪವಾಸವಿದ್ದ ನಾವು ಬೇಗ ಬೇಗ ಉಂಡೆವು. ಆ ಹುಡುಗಿಗೆ ಎಲೆಯ ಮೇಲಿನ ಸಾರು ಕೈಗೆ ನಿಲ್ಲದು. ಅತ್ತ ಹರಿದರೆ ಇತ್ತ ತಡೆಯುವಳು. ಅವಳು ತಲೆಯೆತ್ತಿ ನೋಡಿದಾಗ ಹನ್ನೆರಡು ಮಂದಿ ಕೈ ಒಣಗಿಸಿಕೊಂಡು ಅವಳಿಗಾಗಿ ಕಾಯುತ್ತಿದ್ದೆವು. ಏಕೆಂದು ಕೇಳಿದಳು. ನೀವು ನಿಮ್ಮ ಉಡುಪಿಯ ರಾಗದ ಇಂಗ್ಲಿಷಿನಲ್ಲಿ ಹೇಳಿದಿರಿ: "ಪಂಕ್ತಿ ಅಂದ್ರೆ ಹಾಗೆ ಮಗಾ. ಕಡೆಯವ್ರದ್ದು ಮುಗಿಯದೆ ಮೊದಲಿನವ್ರು ಎದ್ರೆ ಅದು ಊಟ ಅಲ್ಲ, ಬರೀ ತಿನ್ನುದು." ಇಷ್ಟೇ ತಾನೆ ನೀವು ಹೇಳಿದ್ದು? ನಮ್ಮಲ್ಲಿ ಎಲ್ಲರ ಮನೆಯಲ್ಲೂ ಎಲ್ಲ ಅಜ್ಜಿಯರೂ ಹೇಳುವ ಮಾತು. ಅದರಲ್ಲಿ ನಿಮ್ಮ ಸ್ವಂತ ವಿದ್ವತ್ತು ಯಾವುದು? ಆ ಹೊತ್ತಿನಲ್ಲಿ ನನ್ನ ಗಮನವೆಲ್ಲ ಗಡಿಯಾರದ ಕಡೆಗಿತ್ತು. ಎಂಟು ಗಂಟೆಗೆ ನನ್ನ ತರಗತಿ. ಅಂದಿನಿಂದ ಪ್ರತಿ ದ್ವಾದಶಿಗೂ ಅವಳ ಎಲೆ ನಿಮ್ಮಲ್ಲಿ.

ಈ ವೈಶಾಖದಲ್ಲಿ ಒಂದು ಕರೆ ಬಂತು. ಪ್ರಧಾನಿಯ ಕಾರ್ಯದರ್ಶಿ. ಯಾವುದೋ ಸಮ್ಮೇಳನ ಮುಗಿಸಿ ಮರಳುವಾಗ ನಮ್ಮ ವಿಮಾನ ನಿಲ್ದಾಣದಲ್ಲಿ ಅವರಿಗೆ ಮೂರು ತಾಸು ಬಿಡುವಿದೆಯೆಂದೂ, ಹಣೆಗೆ ಗೋಪೀಚಂದನದ ನಾಮವಿಡುವ ನಿಲಾಯ್‌ನ ಕನ್ನಡದ ಮೇಷ್ಟ್ರನ್ನು ಕಾಣಬಯಸುತ್ತಾರೆಂದೂ ಹೇಳಿದರಂತೆ. ಹೆಸರು ಕಾರ್ಯದರ್ಶಿಗೆ ತಿಳಿಯದು, ಆ ಗುರುತಿಗೆ ವಿಶ್ವವಿದ್ಯಾಲಯದವರು ಕೊಟ್ಟದ್ದು ನಮ್ಮ ನಂಬರು. ಸುಧಾ ಫೋನಿನ ಬಾಯಿಗೆ ಕೈ ಮುಚ್ಚಿ ಕೇಳಿದಳು: "ಅಪ್ಪಾ, ದ್ವಾದಶಿ ಬ್ರೇಕ್‌ಫಾಸ್ಟ್ ಕೊಡ್ತಿದ್ದ ಸರ್ ನೀವೇನಾ ಅಂತಿದಾರೆ. ಅದು ಭಟ್ಟರ ಅಂಕಲ್ ಅಲ್ವಾ? ಏನ್ ಹೇಳ್ಲಿ?"

"ಹೌದು ಎನ್ನು" ಎಂದೆ.

ಅವಳು ನನ್ನನ್ನು ನೋಡಿದಳು. ನಾನು ಪಂಚಾಂಗವನ್ನು ನೋಡಿದೆ. ಆ ಪಂಕ್ತಿಯಲ್ಲಿ ನಾನೂ ಕುಳಿತಿದ್ದೆನಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಅವಳನ್ನು ನಿಮ್ಮ ಮನೆಗೆ ಕಳುಹಿಸಿದವನು ನಾನೇ ಅಲ್ಲವೆ? ನಾನು ಕಳುಹಿಸದಿದ್ದರೆ ನೀವು ಉಣಿಸುತ್ತಿದ್ದುದು ಯಾರಿಗೆ? ನೋಡಿದಿರಾ, ನ್ಯಾಯಶಾಸ್ತ್ರವನ್ನು ಓದಿದವನ ಬುದ್ಧಿ ಎಲ್ಲೆಲ್ಲಿಗೆ ಹರಿಯುತ್ತದೆ! ನಿಮ್ಮನ್ನು ಕೇಳುವಂತಿರಲಿಲ್ಲ. ಶಾರದಮ್ಮನವರು ಮಣಿಪಾಲದ ಮಗಳ ಮನೆ ಸೇರಿದ್ದರು. ಸುಳ್ಳೆಂದು ಹೇಳಬಲ್ಲವರು ಈ ಊರಿನಲ್ಲಿ ಯಾರೂ ಉಳಿದಿರಲಿಲ್ಲ. ಆ ಹುಡುಗಿಯ ಕಣ್ಣುಗಳನ್ನು ಮಾತ್ರ ನಾನು ಲೆಕ್ಕಕ್ಕೆ ಹಿಡಿಯಲಿಲ್ಲ.

ಜರಿಯ ಶಾಲು ಹೊದೆದು, ಪೇಟ ಸುತ್ತಿ, ವಿಮಾನ ನಿಲ್ದಾಣದ ಹೋಟೆಲಿಗೆ ಹೋದೆ. ಕಾರು ಓಡಿಸಿದ್ದು ಸುಧಾ. ಇಳಿಯುವಾಗ, "ಫೋಟೋ ತೆಗೀಲಾ, ಬೇಡ್ವಾ?" ಎಂದು ಕೇಳಿದಳು. ಕೋಣೆಯ ಬಾಗಿಲು ತೆರೆಯಿತು. ಲೋಸಾ ಎದ್ದು ಬಂದಳು, ಕೈ ಮುಗಿದಳು, ನನ್ನ ಹೆಗಲಿನಾಚೆ ನೋಡಿದಳು. ನನ್ನ ಹಿಂದೆ ಸುಧಾ ಬಿಟ್ಟರೆ ಯಾರೂ ಇರಲಿಲ್ಲ. "ಗವರ್ನಮೆಂಟ್ ಸರ್, ನೀವೂ ಬಂದಿರಾ?" ಎಂದಳು. ಆ 'ನೀವೂ' ಎನ್ನುವ ಮಾತು ನನ್ನ ಪೇಟವನ್ನು ಎಷ್ಟು ಭಾರವಾಗಿಸಿತೆಂದು ನಿಮಗೆ ಬರೆದು ತಿಳಿಸಲಾರೆ.

ನೀವಿಲ್ಲವೆಂದು ನಾನೇ ಹೇಳಬೇಕಾಯಿತು. ಹೃದಯದ ತೊಂದರೆ, ಬಹಳ ಹಿಂಸೆಯಾಗಲಿಲ್ಲ ಎಂದೆ. ಕರೆಗೆ ಹೌದೆಂದವನು ನಾನೇ ಎಂದೂ ಹೇಳಿದೆ. ಅವಳು ಕಿಟಕಿಯ ಬಳಿ ಹೋಗಿ ಕಣ್ಣೊರೆಸಿಕೊಂಡಳು. ಮರಳಿ ಬಂದು ಕುಳಿತಾಗ ಸಿಟ್ಟಿರಲಿಲ್ಲ. ಸಿಟ್ಟು ಬಂದಿದ್ದರೆ ನನಗೆ ಹಗುರವಾಗುತ್ತಿತ್ತು. "ನಿಮ್ಮ ತರಗತಿಯ ಬಾಗಿಲು ನನಗೆ ಚೆನ್ನಾಗಿ ನೆನಪಿದೆ ಸರ್" ಎಂದಳು. "ಎಂಟಕ್ಕೆ ಮುಚ್ಚುತ್ತಿದ್ದಿರಿ. ದ್ವಾದಶಿಯ ದಿನ ನಾನು ಯಾವಾಗಲೂ ಹೊರಗೆ. ನೀವೂ ಅದೇ ಪಂಕ್ತಿಯಿಂದ ಎದ್ದು ಬಂದವರೇ. ಆದರೆ ನಿಮಗೆ ಕಾರಿತ್ತು." ಹೇಳಿ ನಕ್ಕಳು, ಸುಧಾಳೂ ನಕ್ಕಳು. ಮೂರು ವಾರಗಳ ನನ್ನ ಪ್ರಧಾನಿ ಪಾಠದಲ್ಲಿ ಅವಳಿಗೆ ಉಳಿದದ್ದು ಬಾಗಿಲು.

ಆಮೇಲೆ ನಿಜವಾದ ವಿಷಯ ಹೊರಬಂತು. ಅವಳು ದೇಶದಲ್ಲಿಲ್ಲದ ಸಮಯ ನೋಡಿ ಎದುರು ಪಕ್ಷದವರು ಅವಿಶ್ವಾಸದ ನೋಟಿಸು ಕೊಟ್ಟಿದ್ದರು. ಅವಳ ಕಡೆಯ ಇಬ್ಬರು ಎದುರು ಬದಿಗೆ ಸೇರಿದ್ದರು. ನೋಟಿಸಿನಲ್ಲಿದ್ದ ಆರೋಪಗಳಲ್ಲಿ ಒಂದನ್ನು ಕೇಳಿ ನಾನು ದಂಗಾದೆ: ಪ್ರಧಾನಿಯ ಸಂಪುಟ ಸಭೆಗಳು ಮುಗಿಯುವುದೇ ಇಲ್ಲವಂತೆ. ಅತಿ ಕಿರಿಯ ಸಚಿವ ತನ್ನ ಮಾತು ಮುಗಿಸುವವರೆಗೆ ಅವಳು ಯಾರನ್ನೂ ಏಳಗೊಡುವುದಿಲ್ಲವಂತೆ. ಅವಳ ಕಚೇರಿಯಿರುವುದು ಕಡಲಿನ ಅಂಚಿನಲ್ಲಿ. ದೊಡ್ಡ ಉಬ್ಬರ ಬಂದ ದಿನ ನೀರು ಅಂಗಳಕ್ಕೆ ನುಗ್ಗುತ್ತದೆ. ಒಮ್ಮೆ ಪಾದ ನೆನೆದರೂ ಒಬ್ಬರನ್ನೂ ಬಿಡಲಿಲ್ಲವಂತೆ. ಭಟ್ಟರೇ, ನಿಮ್ಮ ತಂಬುಳಿ ಒಂದು ಸರ್ಕಾರವನ್ನು ಉರುಳಿಸಲು ಹೊರಟಿತ್ತು. ನನಗೆ ಒಳಗೊಳಗೆ ಸಂತೋಷವಾಗಲಿಲ್ಲವೆಂದರೆ ಅದು ಎರಡನೆಯ ಸುಳ್ಳಾದೀತು.

ನನ್ನ ಸಮಯ ಬಂತೆಂದುಕೊಂಡೆ. "ವಿಮಾನ ಇಳಿದೊಡನೆ ರಾಜಪ್ರತಿನಿಧಿಯ ಬಳಿಗೆ ಹೋಗು. ಮತಕ್ಕೆ ಹಾಕುವ ಮೊದಲೇ ಸಂಸತ್ತನ್ನು ವಿಸರ್ಜಿಸುವಂತೆ ಸಲಹೆ ಕೊಡು. ಅದು ಪ್ರಧಾನಿಯ ಹಕ್ಕು. ನ್ಯಾಯಬದ್ಧ" ಎಂದೆ. ಮೂವತ್ತು ವರ್ಷ ಬೋಧಿಸಿದ ವಿದ್ಯೆ ಒಂದು ದೇಶದ ಉಪಯೋಗಕ್ಕೆ ಬರುವ ಘಳಿಗೆ ಯಾವ ಉಪಾಧ್ಯಾಯನಿಗೆ ಸಿಕ್ಕೀತು? ಅವಳು ತಲೆಯಾಡಿಸಿದಳು. "ನಮ್ಮ ಕಾನೂನಿನವರೂ ಅದನ್ನೇ ಹೇಳಿದರು ಸರ್. ಅದನ್ನು ನಿಮ್ಮಿಂದಲೇ ಕಲಿತಿದ್ದೇನೆ, ಪರೀಕ್ಷೆಯಲ್ಲೂ ಬರೆದಿದ್ದೇನೆ. ಭಟ್ ಸರ್ ಇದ್ದಿದ್ದರೆ ಏನು ಹೇಳುತ್ತಿದ್ದರು? ಅವರನ್ನು ನೀವು ಬಲ್ಲಿರಿ. ಅದನ್ನು ಹೇಳಿ."

ಅವರೂ ಹೀಗೆಯೇ ಹೇಳುತ್ತಿದ್ದರು ಎಂದು ಬಿಟ್ಟಿದ್ದರೆ ಸಾಕಿತ್ತು. ಅವಳ ಪದವಿ ಉಳಿಯುತ್ತಿತ್ತು, ನನ್ನ ಮಾತೂ ಉಳಿಯುತ್ತಿತ್ತು. ಹೋದವರ ಬಾಯಿಗೆ ಏನು ತುರುಕಿದರೂ ಉಗುಳುವವರಿಲ್ಲ. ಸುಧಾ ನನ್ನ ಮುಖವನ್ನೇ ನೋಡುತ್ತಿದ್ದಳು. ಆದರೂ, ಒಂದು ಸುಳ್ಳಿನ ಶಾಲನ್ನು ಹೊದ್ದು ಕುಳಿತವನಿಗೆ ಇನ್ನೊಂದನ್ನು ಹೊದೆಯಲು ಏಕೋ... "ಕಡೆಯವನು ಮಾತು ಮುಗಿಸುವ ತನಕ ನೀನು ಏಳಬೇಡ ಎನ್ನುತ್ತಿದ್ದರು" ಎಂದೆ. ನಿಮ್ಮ ವಾಕ್ಯವನ್ನು ನನ್ನ ನಾಲಿಗೆಯಿಂದಲೇ ಹೇಳಿಸಿದಿರಿ. ಅವಳು ಎದ್ದು ನನ್ನ ಕಾಲು ಮುಟ್ಟಿದಳು. ಆ ನಮಸ್ಕಾರ ಯಾರಿಗೆ ಸಲ್ಲಬೇಕಾದುದೆಂದು ನನ್ನ ಕಾಲಿಗೂ ಗೊತ್ತಿತ್ತು.

ಅವಳು ವಿಸರ್ಜನೆಗೆ ಹೋಗಲಿಲ್ಲ. ಸಭೆಯಲ್ಲಿ ಕುಳಿತಳು, ಪ್ರತಿಯೊಬ್ಬನೂ ತನ್ನನ್ನು ಬೈದು ಮುಗಿಸುವವರೆಗೆ ಕುಳಿತಳು, ಒಂದು ಮತದಿಂದ ಸೋತಳು. ಸುಧಾ ಸೈಬರ್‌ಜಯಾದ ಆಫೀಸಿನಿಂದ ಫೋನು ಮಾಡಿ ತಿಳಿಸಿದಳು. ನನ್ನ ಮಾತು ಕೇಳಿದ್ದರೆ ಅವಳು ಇಂದಿಗೂ ಪ್ರಧಾನಿ ಎಂದೆ. "ಇರ್ಬಹುದು ಅಪ್ಪಾ. ಆದ್ರೆ ಅವ್ರು ಕೇಳಿದ್ದು ನಿಮ್ಮ ಮಾತಲ್ವಲ್ಲ" ಎಂದಳು. ಮಕ್ಕಳು ಹೀಗೆ ಮಾತನಾಡುವುದನ್ನು ಎಲ್ಲಿ ಕಲಿಯುತ್ತಾರೋ.

ಆಷಾಢದಲ್ಲಿ ಲೋಸಾ ತಾನೇ ಫೋನು ಮಾಡಿದಳು. ಕಾರ್ಯದರ್ಶಿ ಯಾರೂ ಇರಲಿಲ್ಲ. ಹಿನ್ನೆಲೆಯಲ್ಲಿ ಕೋಳಿಯೊಂದು ಕೂಗುತ್ತಿತ್ತು. ಸೋತ ದುಃಖವನ್ನು ಹೇಳಿಕೊಂಡಾಳೆಂದು ಸಾಂತ್ವನದ ನಾಲ್ಕು ವಾಕ್ಯಗಳನ್ನು ಮನಸ್ಸಿನಲ್ಲಿ ಜೋಡಿಸಿಕೊಂಡೆ. ಅವಳು ಕೇಳಿದ್ದು ನಿಮ್ಮ ಪೂರ್ಣ ಹೆಸರನ್ನು. ಅವರ ಚರ್ಚಿನಲ್ಲಿ ವರ್ಷಕ್ಕೊಮ್ಮೆ, ಅಗಲಿದವರ ಹೆಸರುಗಳನ್ನು ಒಂದೊಂದಾಗಿ ಓದುತ್ತಾರಂತೆ. ಮನೆಯವರ ಹೆಸರುಗಳ ಜೊತೆ ನಿಮ್ಮದನ್ನೂ ಓದಿಸಬೇಕಂತೆ. "ನಿಮ್ಮಲ್ಲಿ ಹೆಸರಿನ ಜೊತೆ ಇನ್ನೇನೋ ಹೇಳುತ್ತೀರಲ್ಲ ಸರ್, ವಂಶದ ಹೆಸರು?" ಎಂದಳು. ಗೋತ್ರ ಎಂದೆ. ಭಾರದ್ವಾಜ ಎಂದೆ. ನಿಧಾನವಾಗಿ ಬಿಡಿಸಿ ಹೇಳಿಸಿಕೊಂಡು, ತಪ್ಪಿಲ್ಲದೆ ಮೂರು ಸಲ ಉಚ್ಚರಿಸಿದಳು. ಮುಂದಿನ ಭಾನುವಾರ ಆ ಕಡಲ ನಡುವಿನ ದೇಗುಲದಲ್ಲಿ ನಿಮ್ಮ ಗೋತ್ರವನ್ನು ಗಟ್ಟಿಯಾಗಿ ಓದಿದರು. ಈ ಸುದ್ದಿ ನಿಮಗೆ ತಲುಪಿಲ್ಲವೆಂದೇ ಈ ಪತ್ರ.

ಇನ್ನೊಂದು ಸಂಗತಿಯನ್ನು ಬರೆಯದೆ ಮುಗಿಸಿದರೆ ನಾನು ಬ್ರಾಹ್ಮಣನಲ್ಲ. ಕಳೆದ ಮಹಾಲಯದಲ್ಲಿ, ಆ ಭಾಷಣವನ್ನು ಕೇಳಿ ತಿಂಗಳಾಗಿತ್ತು, ಎಳ್ಳುನೀರು ಬಿಡುವಾಗ ಪಿತೃಗಳ ನಂತರ ಬಂಧುಗಳನ್ನು ಕರೆದೆ, ಸಖರನ್ನು ಕರೆದೆ. ಅದರ ಹಿಂದಿನ ವರ್ಷ ಕರೆದ ನಿಮ್ಮ ಹೆಸರನ್ನು ಬಿಟ್ಟೆ. ಮರೆವಲ್ಲ. ದರ್ಭೆಯನ್ನು ಹಿಡಿದ ಕೈಯನ್ನು ಒಂದು ಕ್ಷಣ ತಡೆದು, ತಿಳಿದು ತಿಳಿದೇ ಮುಂದಿನ ಹೆಸರಿಗೆ ಹೋದೆ. ಸಂಕಲ್ಪ ಮಾಡಿ ಕುಳಿತವನು ಹಾಗೆ ಮಾಡಬಹುದೆ? ನೀವು ಬಾಯಾರಿದಿರೋ ಇಲ್ಲವೋ ನನಗೆ ತಿಳಿಯದು. ನಿಮ್ಮ ಮಗ ಕೊಟ್ಟಿರುತ್ತಾನೆ. ನನ್ನದನ್ನು ನಾನು ಕೊಡಲಿಲ್ಲ.

ಮಹಾಲಯ ಬರುವ ಭಾದ್ರಪದದ ಬಹುಳಪಕ್ಷಕ್ಕೆ ಇನ್ನು ಹದಿನೆಂಟು ದಿನಗಳಿವೆ. ಈ ಸಲ ಹೆಸರು, ಗೋತ್ರ ಎರಡನ್ನೂ ಸ್ಪಷ್ಟವಾಗಿ ಹೇಳಿ, ಎರಡು ವರ್ಷದ ಎಳ್ಳುನೀರನ್ನು ಸೇರಿಸಿ ಬಿಡುತ್ತೇನೆ. ಸಖರ ಸಾಲಿನಲ್ಲಿ ಕರೆಯುತ್ತೇನೆ, ಭಟ್ಟರೇ. ಗುರುಗಳ ಸಾಲಿನಲ್ಲಿ ಕರೆಯಬೇಕೆಂದು ಸುಧಾ ಹೇಳುತ್ತಾಳೆ. ನನಗೂ ಹಾಗೆಯೇ ಅನಿಸುತ್ತದೆ. ಆದರೆ ಅಷ್ಟು ದೂರ ಈ ಕೈ ಇನ್ನೂ ಚಾಚುತ್ತಿಲ್ಲ. ಮುಂದಿನ ವರ್ಷ ನಾನಿದ್ದರೆ ನೋಡೋಣ.