ಬದುಕಿದ್ದೇನೆಂಬ ಅರ್ಜಿ

ಮಾರ್ಚ್ 3, ಸೋಮವಾರ

ಇವತ್ತು ಒಂಬತ್ತು ಜನ ಕಣ್ಣು ತೋರಿಸಿಕೊಂಡರು. ಸೇತುವೆ ಪರ ಐದು, ವಿರೋಧ ಮೂರು. ಒಬ್ಬರಿಗೆ ಯಾವ ಸೇತುವೆ ಎಂದೇ ಗೊತ್ತಿಲ್ಲ. ಅವರ ನಂಬರು ಮೈನಸ್ ಆರು, ಕ್ಷಮಿಸಬಹುದು.

ಫುಟ್‌ಪಾತಿನಲ್ಲಿ ಕನ್ನಡಕ ಹರಡಿಕೊಂಡು ಶುರು ಮಾಡಿದವನು ನಾನು. ಆಗ ಜನ ಅರ್ಧ ಮಾತಿಗೇ ಎದ್ದು ಹೋಗುತ್ತಿದ್ದರು. ಈಗ ಅಂಗಡಿ ಇದೆ, ಕಣ್ಣು ಪರೀಕ್ಷಿಸುವ ಮಿಷನ್ ಇದೆ. ಗದ್ದ ಆನಿಸಿ ಕೂತವರು ಎದ್ದು ಹೋಗುವಂತಿಲ್ಲ. ಲೆನ್ಸ್ ಬದಲಾಯಿಸುತ್ತಾ ವಿದೇಶಾಂಗ ನೀತಿ ಹೇಳುತ್ತೇನೆ.

ಗಡಿ ನದಿಯ ಸೇತುವೆ ಮುಚ್ಚಿ ಇಪ್ಪತ್ತೆರಡು ವರ್ಷ. ತೆರೆಯುವುದೋ ಇಲ್ಲವೋ ಎಂದು ಮೂವತ್ತನೇ ತಾರೀಕು ಜನರನ್ನೇ ಕೇಳುತ್ತಾರೆ. ನಮ್ಮನ್ನು. ಇಷ್ಟು ವರ್ಷ ಮಂತ್ರಿಗಳು "ಪರಿಶೀಲನೆಯಲ್ಲಿದೆ" ಎನ್ನುತ್ತಿದ್ದರು, ನಾನು "ಲೆನ್ಸ್ ನಾಳೆ ಬರುತ್ತೆ" ಎನ್ನುವ ದನಿಯಲ್ಲೇ.

ಈ ಪುಸ್ತಕದಲ್ಲಿ ಈವರೆಗೆ ಒಟ್ಟು: ಪರ 41, ವಿರೋಧ 37.

ಮಾರ್ಚ್ 5

ಮೇಷ್ಟ್ರು ಬಂದಿದ್ದರು. ನಿವೃತ್ತ, ಬೈಫೋಕಲ್, ಕಟ್ಟಾ ವಿರೋಧ.

"ಆ ಕಡೆಯವರನ್ನ ನಂಬ್ತೀಯೇನಯ್ಯ?"

"ನಂಬೋದಕ್ಕಲ್ಲ ಮೇಷ್ಟ್ರೇ, ಓಡಾಡೋದಕ್ಕೆ. ನನ್ನ ಭಾವಮೈದುನನ್ನೂ ನಾನು ನಂಬಲ್ಲ. ಹಾಗಂತ ಬಾಗಿಲು ಹಾಕ್ಕೊಂಡಿದೀನಾ?"

"ನಿನ್ನ ಬಾಯಿಗೇ ಬೇರೆ ಒಂದು ವೋಟು ಕೊಡ್ಬೇಕಿತ್ತು."

ಹೋಗುವಾಗ ಒಂದು ಮಾತು ಎಸೆದು ಹೋದರು: ಮತದಾರರ ಪಟ್ಟಿ ಹೊಸದಾಗಿ ಮಾಡಿದ್ದಾರೆ, ಹೆಸರಿದೆಯಾ ನೋಡಿಕೋ. ನಾನಿಲ್ಲದ ಪಟ್ಟಿಯೇ?

ಮಾರ್ಚ್ 6, ಬೆಳಗ್ಗೆ 11

ಸತ್ತಿದ್ದೇನೆ.

ವಾರ್ಡ್ ಆಫೀಸಿನ ಗೋಡೆಗೆ ಅಂಟಿಸಿದ್ದಾರೆ. ಕ್ರಮಸಂಖ್ಯೆ 412. ಹೆಸರು ಸರಿ, ವಯಸ್ಸು ಐವತ್ತಾರು, ಅದೂ ಸರಿ. ಮೇಲೆ ಅಡ್ಡಗೆರೆ, ಪಕ್ಕದಲ್ಲಿ "ಮೃತ". ಕೆಳಗೆ 413, ನನ್ನ ಹೆಂಡತಿ, ಸುಖವಾಗಿದ್ದಾಳೆ.

ಗುಮಾಸ್ತನನ್ನು ಹಿಡಿದೆ. "ಇವನು ನಾನೇ ಸ್ವಾಮಿ."

ರಿಜಿಸ್ಟರ್ ತಿರುವಿದ. ನನ್ನನ್ನು ನೋಡಿದ. ಮತ್ತೆ ರಿಜಿಸ್ಟರ್ ನೋಡಿದ. ಅದರ ಮೇಲೇ ಅವನಿಗೆ ಹೆಚ್ಚು ನಂಬಿಕೆ. "ಮನೆಯವರೇ ಹೇಳಿದಾರಲ್ಲ ಸಾರ್. ಜನವರಿ ಇಪ್ಪತ್ತು."

ಅದೇ ದಿನ, ಮಧ್ಯಾಹ್ನ 2

ಹೆಂಡತಿ ಹೊಲಿಗೆ ಘಟಕದಿಂದ ಊಟಕ್ಕೆ ಬಂದಿದ್ದಳು. ಅವಳು ಸೇತುವೆಗೆ ವಿರೋಧ. ಟಿವಿ ಮುಂದೆ ಗೊಣಗುವುದನ್ನು ಕೇಳಿದ್ದೇನೆ. ಅನುಮಾನ ಬಂದಿತ್ತು, ಸುಳ್ಳು ಏಕೆ ಹೇಳಲಿ.

"ಒಂದು ವೋಟು ಕಮ್ಮಿ ಮಾಡೋಕೆ ಗಂಡನ್ನೇ ಸಾಯಿಸ್ತಾರೇನೇ?"

ಬಡಿಸುತ್ತಿದ್ದ ಸೌಟು ಕೆಳಗಿಟ್ಟಳು. "ಒಬ್ರು ರಿಜಿಸ್ಟರ್ ಹಿಡ್ಕೊಂಡು ಬಂದಿದ್ರು. ಯಜಮಾನ್ರು ಎಲ್ಲಿ ಅಂದ್ರು. 'ಹೋಗ್ಬಿಟ್ರು' ಅಂದೆ. ನೀವು ಅಂಗಡಿಗೆ ಹೋಗಿದ್ರಲ್ಲ."

"ಆಮೇಲೆ?"

"'ಯಾವಾಗಮ್ಮ' ಅಂತ ಮೆತ್ತಗೆ ಕೇಳಿದ್ರು. 'ಈಗ್ತಾನೆ, ಅರ್ಧ ಗಂಟೆ ಆಯ್ತು' ಅಂದೆ. ಟೀ ಕೊಡ್ತೀನಿ ಕೂತ್ಕೊಳಿ ಅಂದ್ರೆ ಕಣ್ಣು ಒರೆಸ್ಕೊಂಡು ಹೊರಟೇ ಹೋದ್ರು. ಎಂಥ ಒಳ್ಳೆ ಮನುಷ್ಯ ಅನ್ಕೊಂಡೆ ರೀ."

ನಗು ಬರಬಾರದಿತ್ತು. ಬಂತು. ಇಬ್ಬರಿಗೂ.

ಮಾರ್ಚ್ 7

ಬದುಕಿದ್ದೇನೆಂದು ಅರ್ಜಿ ಕೊಟ್ಟೆ. ಕೊನೆಯ ದಿನ ಹದಿನೆಂಟು. ನಾನು ಎದುರು ನಿಂತು ಉಸಿರಾಡಿದರೆ ಸಾಲದಂತೆ. ಸಾವು ತಿಳಿಸಿದವರೇ ಬಂದು ಹೇಳಿಕೆ ವಾಪಸು ತೆಗೆದುಕೊಳ್ಳಬೇಕು.

ಅಂದರೆ ಅವಳು. ತನ್ನ ವೋಟನ್ನು ಹೊಡೆದುಹಾಕುವ ವೋಟಿಗೆ ತಾನೇ ಜೀವ ಕೊಡಬೇಕು…

ಮಾರ್ಚ್ 9

ಬರುತ್ತೀಯಾ ಎಂದು ಕೇಳಿದೆ. ಸೂಜಿಗೆ ದಾರ ಪೋಣಿಸುತ್ತಾ ಕೂತಿದ್ದಳು.

"ನಿಮ್ಮ ಪುಸ್ತಕದಲ್ಲಿ ಎಷ್ಟು ಜನ ಆದ್ರು?"

"ತೊಂಬತ್ತಾರು."

"ನಾನು ಯಾವ ಕಡೆ ಇದೀನಿ?"

ತಿರುವಿ ನೋಡಿದೆ. ಇಲ್ಲ. ಮದುವೆಯಾಗಿ ಮೂವತ್ತು ವರ್ಷ. ಗೊತ್ತೆಂದುಕೊಂಡು ಕೇಳಿಯೇ ಇಲ್ಲ, ಬರೆದೂ ಇಲ್ಲ.

"ನಿಮ್ಮನ್ನಾದ್ರೂ ಹುಟ್ಟಿದ ಮೇಲೆ ಸಾಯಿಸಿದ್ರು. ನನ್ನನ್ನ ನೀವು ಹುಟ್ಟಿಸೇ ಇಲ್ಲ."

ಆಮೇಲೆ ಹೇಳಿದಳು. ಅವಳ ಕೈಕೆಳಗೆ ಯೂನಿಫಾರ್ಮ್ ಹೊಲಿಯುವ ಹದಿನಾಲ್ಕು ಹೆಂಗಸರು. ಸೇತುವೆ ತೆರೆದರೆ ಆ ಕಡೆಯ ರೆಡಿಮೇಡ್ ಲಾರಿಗಟ್ಟಲೆ ಬರುತ್ತದೆ. ಆ ಕಡೆಯಿಂದ ಸುತ್ತಿ ಬಳಸಿ ಬರುವ ನನ್ನ ಲೆನ್ಸ್ ನಲವತ್ತು ದಿನದ ಬದಲು ಎರಡು ದಿನಕ್ಕೆ ಬರುತ್ತದೆ. ಅವಳ ಮಿಷನ್‌ಗಳು ನಿಲ್ಲುತ್ತವೆ. ವಿದೇಶಾಂಗ ನೀತಿ ನಡುಮನೆಯಲ್ಲೇ ಕೂತು ಗುಂಡಿ ಹೊಲಿಯುತ್ತಿತ್ತು. ನಾನು ಅಂಗಡಿಯಲ್ಲಿ ಹುಡುಕುತ್ತಿದ್ದೆ.

ಬರುತ್ತೇನೆ ಎನ್ನಲಿಲ್ಲ. ಬರುವುದಿಲ್ಲ ಎಂದೂ ಅನ್ನಲಿಲ್ಲ.

ಮಾರ್ಚ್ 18

ಹತ್ತು ಗಂಟೆಯಿಂದ ಬೆಂಚಿನ ಮೇಲೆ ಒಬ್ಬನೇ. ಹನ್ನೊಂದೂಕಾಲಿಗೆ ಬಂದಳು, ಅಳತೆಯ ಟೇಪು ಇನ್ನೂ ಕೊರಳಲ್ಲೇ.

ಅಧಿಕಾರಿ ಕೇಳಿದರು, "ಇವರು ಬದುಕಿದಾರೇನಮ್ಮ?"

"ಬಾಯಿ ನಿಂತಿಲ್ಲ ಸಾರ್, ನೋಡಿ."

ಗುಮಾಸ್ತ ಕಿಚಾಯಿಸಿದ. "ನೀವು ವಿರೋಧ ಅಂತಲ್ಲಮ್ಮ. ಸುಮ್ನಿದ್ದಿದ್ರೆ ಒಂದು ವೋಟು ಉಳೀತಿತ್ತು."

"ಸೋಲಿಸೋದಾದ್ರೆ ಬದುಕಿರೋರನ್ನ ಸೋಲಿಸ್ತೀನಪ್ಪ. ಪೆನ್ ಕೊಡಿ."

ಸಹಿ ಹಾಕಿದಳು. ಹನ್ನೊಂದು ನಲವತ್ತಕ್ಕೆ ನಾನು ಮತ್ತೆ ಪ್ರಜೆ. ಬಸ್‌ಸ್ಟಾಪಿನವರೆಗೆ ಕಾಲು ನೆಲ ಮುಟ್ಟಿದ ನೆನಪಿಲ್ಲ.

ಮಾರ್ಚ್ 30, ಭಾನುವಾರ, ಸಂಜೆ 5

ಎರಡು ಗಂಟೆ ಸಾಲು. ಅವಳು ಹೆಂಗಸರ ಸಾಲಿನಲ್ಲಿ, ಹದಿನಾಲ್ಕು ಜನರ ನಡುವೆ, ನಗುತ್ತಾ. ಹಿಂದಿನಿಂದ ಮೇಷ್ಟ್ರು, "ಏನಯ್ಯ, ಇವತ್ತು ಭಾಷಣ ಇಲ್ವಾ?" ಇರಲಿಲ್ಲ. ಜೇಬಿನ ಗುರುತಿನ ಚೀಟಿ ಮತ್ತೆ ಮತ್ತೆ ಮುಟ್ಟಿ ನೋಡಿಕೊಳ್ಳುತ್ತಿದ್ದೆ, ಮೊದಲ ಸಲ ವೋಟು ಹಾಕುವವನ ಹಾಗೆ.

ರಟ್ಟಿನ ಮರೆಯ ಹಿಂದೆ ನಾನೊಬ್ಬನೇ. ಚೀಟಿಯಲ್ಲಿ ಎರಡೇ ಚೌಕ: ಬೇಕು, ಬೇಡ. ಊರಿಗೆಲ್ಲ ಉತ್ತರ ಹೇಳಿಕೊಟ್ಟವನು ಮುದ್ರೆ ಹಿಡಿದು ನಿಂತೇ ಇದ್ದೆ. "ಆಯ್ತಾ ಸಾರ್?" ಎಂದು ಆಚೆಯಿಂದ ಕೇಳಿದರು. ಒತ್ತಿದೆ. ಮಡಚಿದೆ. ಪೆಟ್ಟಿಗೆಗೆ ಹಾಕಿದೆ.

ದಾರಿಯುದ್ದಕ್ಕೂ ಅವಳು ಕೇಳಲಿಲ್ಲ. ನಾನು ಹೇಳಲಿಲ್ಲ. ನನ್ನ ಜನ್ಮದಲ್ಲಿ ಹೀಗೆ ಬಾಯಿ ಮುಚ್ಚಿಕೊಂಡು ನಡೆದದ್ದು ಇದೇ ಮೊದಲು. ಈಗ ಒಳಗೆ ರೇಡಿಯೋ ಹಾಕಿದ್ದಾಳೆ, ಎಣಿಕೆ ಶುರುವಾಗುತ್ತದಂತೆ.

ಇದು ನನ್ನ ಪುಸ್ತಕ. ಯಾರೂ ಓದುವುದಿಲ್ಲ. ಯಾವ ಚೌಕಕ್ಕೆ ಒತ್ತಿದೆ ಎಂದು ಇಲ್ಲಾದರೂ ಬರೆಯೋಣವೆಂದರೆ… ಬೇಡ.