ಕಲ್ಲುಹೂವು ತೊಳೆದ ಕಚೇರಿಗೆ

ಊರಿನ ಗೋಡೆಗಳನ್ನು ತೊಳೆಸುವ ಮಾನ್ಯ ಅಧಿಕಾರಿಗಳೇ,

ಔಷಧ ಸಂಶೋಧನಾಲಯದ ಹಿಂಬದಿಯ ಕಲ್ಲುಗೋಡೆಯನ್ನು ಕಳೆದ ವಾರ ತಾವು ಆಸಿಡ್ ಹಾಕಿಸಿ ತಿಕ್ಕಿಸಿದಿರಿ. ಗೋಡೆ ಈಗ ಮದುವೆಗೆ ಹೊರಟ ಗಂಡಿನ ಗಲ್ಲದಂತೆ ನುಣ್ಣಗಿದೆ. ಒಳಗೆ, ಅಲ್ಲಿ ಸಂಶೋಧಕಿಯಾಗಿರುವ ನನ್ನ ಅಕ್ಕ ತಲೆಯ ಮೇಲೆ ಕೈ ಹೊತ್ತು ಕೂತಿದ್ದಾಳೆ.

ತಾವು ಕೊಳೆ ಎಂದುಕೊಂಡದ್ದು ಕಲ್ಲುಹೂವು. ಹೆಸರಿಗೆ ಹೂವು, ನಿಜದಲ್ಲಿ ಒಂದು ಶಿಲೀಂಧ್ರ, ಒಂದು ಪಾಚಿ ಕೂಡಿ ಹೂಡಿದ ಸಂಸಾರ. ಒಂದು ಮನೆ ಕಟ್ಟುತ್ತದೆ, ಇನ್ನೊಂದು ಬಿಸಿಲಲ್ಲಿ ಅಡುಗೆ ಮಾಡುತ್ತದೆ. ಓಡಿಹೋಗಲು ಕಾಲಿಲ್ಲ, ಬೆಳೆಯಲು ಅವಸರವಿಲ್ಲ. ಹಾಗಾಗಿ ಕ್ರಿಮಿಗಳನ್ನು ದೂರವಿಡಲು ಕಹಿ ರಾಸಾಯನಿಕಗಳನ್ನು ತಾನೇ ತಯಾರಿಸಿಕೊಳ್ಳುತ್ತದೆ. ಈ ಗೋಡೆಯ ಕಲ್ಲುಹೂವಿನ ಅಂಥದ್ದೊಂದು ರಾಸಾಯನಿಕ, ಆಸ್ಪತ್ರೆಯ ಯಾವ ಔಷಧಿಗೂ ಜಗ್ಗದ ಹುಣ್ಣಿನ ರೋಗಾಣುವನ್ನು ಅಕ್ಕನ ಗಾಜಿನ ತಟ್ಟೆಯಲ್ಲಿ ತಲೆಯೆತ್ತಗೊಡಲಿಲ್ಲ. ತಟ್ಟೆಯಲ್ಲಿ ಗೆದ್ದದ್ದು ಮೈಯೊಳಗೂ ಗೆಲ್ಲಬೇಕೆಂದೇನಿಲ್ಲ, ವಿಷವೇ ಆಗಬಹುದು. ಅದನ್ನು ತಿಳಿಯಲು ಇನ್ನಷ್ಟು ಕಲ್ಲುಹೂವು ಬೇಕು. ಪ್ರಯೋಗಾಲಯದಲ್ಲೇ ಬೆಳೆಸಬಾರದೇ ಎನ್ನುವಿರಾ? ಜೋಡಿಯನ್ನು ಬೇರ್ಪಡಿಸಿ ಸಾಕಿದ್ದಕ್ಕೆ ಎರಡೂ ಮುನಿಸಿಕೊಂಡು, ಆ ಕಹಿಯನ್ನು ಮಾಡುವುದನ್ನೇ ಬಿಟ್ಟವು.

ಅಂದು ಬ್ರಷ್ಷಿನ ಸದ್ದಿಗೆ ಅಕ್ಕ ಓಡಿದಳು. ಊಟದ ಡಬ್ಬಿ ಕೊಡಲು ಹೋಗಿದ್ದ ನಾನೂ ಹಿಂದೆ ಓಡಿದೆ.

“ಏನಪ್ಪಾ ಇದು?”

“ಗೋಡೆಗೆ ಕಜ್ಜಿ ಹತ್ತಿತ್ತಲ್ಲ ಮೇಡಂ, ತೊಳೀತಿದೀವಿ,” ಎಂದ ತಮ್ಮ ಮೇಸ್ತ್ರಿ. “ನಾಳೆ ಸಾಹೇಬ್ರು ನಿಮ್ಮ ಲ್ಯಾಬ್ ನೋಡೋಕೆ ಬರ್ತಾರಂತೆ.”

“ಕಜ್ಜಿಗೆ ಮದ್ದಾಗಬಹುದಿತ್ತು ಕಣಪ್ಪಾ ಅದು. ಮುಟ್ಟಬೇಡಿ ಅಂತ ಬೋರ್ಡ್ ಹಾಕಿದ್ನಲ್ಲ?”

“ಬೋರ್ಡಿಗೆ ಏನೂ ಆಗಿಲ್ಲ. ತೆಗೆದು, ಒರೆಸಿ, ಮತ್ತೆ ಅಲ್ಲೇ ಹೊಡ್ದಿದೀವಿ, ನೋಡಿ.”

ಸುಳ್ಳಲ್ಲ. ‘ಸಂಶೋಧನೆಯ ಕಲ್ಲುಹೂವು, ಮುಟ್ಟಬೇಡಿ’ ಎಂಬ ಹಲಗೆ ಬೋಳು ಗೋಡೆಯ ನಡುವೆ ಫಳಫಳಿಸುತ್ತಿತ್ತು. ಮರುದಿನ ತಾವೇ ಬಂದು ಅದನ್ನು ಓದಿ, “ಎಲ್ಲಿದೆ, ಕಾಣ್ತಾನೇ ಇಲ್ವಲ್ಲ?” ಎಂದು ಬಗ್ಗಿ ನೋಡಿದಿರಿ. ಮೇಸ್ತ್ರಿಯನ್ನು ಬೈದೇನು ಪ್ರಯೋಜನ? ‘ಸಕಲ ಕಲೆಗಳನ್ನು ನಿರ್ಮೂಲಗೊಳಿಸತಕ್ಕದ್ದು’ ಎಂಬ ಆದೇಶ ತಮ್ಮದು. ಅಂಗೈಯಗಲ ಹರಡಲು ನಮ್ಮ ಅಜ್ಜಂದಿರ ಕಾಲದಿಂದ ತಿಣುಕಿದ ಜೀವ, ಕಾಫಿ ಆರುವಷ್ಟರಲ್ಲಿ ಚರಂಡಿ ಸೇರಿತು.

ಅಕ್ಕ ಊರೆಲ್ಲ ಅಲೆದಳು. ಅದೇ ಜಾತಿಯ ಕಲ್ಲುಹೂವು ಅವಳಿಗೆ ಕಂಡದ್ದು ಒಂದೇ ಕಡೆ: ತಮ್ಮದೇ ಕಚೇರಿಯ ಹಿಂದೆ, ಒಡೆದ ನೀರಿನ ಪೈಪಿನ ಪಕ್ಕದ ಗೋಡೆಯಲ್ಲಿ. ಸೋಮವಾರ ಅದರ ಸರದಿಯಂತೆ.

ಮಾನ್ಯರೇ, ಬೀದಿದೀಪ, ಕಸ, ಚರಂಡಿ ಎಂದು ನಾನು ಬರೆದಾಗಲೆಲ್ಲ ತಾವು ಏನನ್ನೂ ಮಾಡಲಿಲ್ಲ. ಬೇಡದೆಯೇ ಕರುಣಿಸಿದ ಆ ಕೃಪೆಯನ್ನು ಇಂದು ಕೈಮುಗಿದು ಬೇಡುತ್ತಿದ್ದೇನೆ: ಆದೇಶ ಹಿಂದಕ್ಕೆ ಪಡೆಯಿರಿ. ಆ ಗೋಡೆಗೆ ಏನನ್ನೂ ಮಾಡಬೇಡಿ.

ಇಂತಿ,
ತಮ್ಮ ಆಲಸ್ಯವನ್ನೇ ನಂಬಿ ಕೂತಿರುವ
ಒಬ್ಬ ತಮ್ಮ